ಹಳೇ ಕಾರು: ಬೆಲೆಗಿಂತ ಮೊದಲು ಹೆಸರು

ಸವೆದ ಕಾರನ್ನು ಮಾರುವಾಗ ಐದು ಸಾವಿರಕ್ಕೂ ಚೌಕಾಸಿ ಮಾಡುತ್ತೇವೆ. ಆರ್‌ಸಿಯಲ್ಲಿ ಹೆಸರು ಯಾವಾಗ ಬದಲಾಗುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಕಾರು ಮೂರ್ನಾಲ್ಕು ಕೈ ದಾಟಿದ್ದರೂ, ಅಪಘಾತವಾದರೆ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ. ವಿಮೆ ಮುಗಿದಿದ್ದರೆ ಪರಿಹಾರ ನಮ್ಮ ಜೇಬಿನಿಂದಲೇ.

ಹಾಗಾಗಿ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿಸಿಕೊಂಡು ‘ಆಮೇಲೆ ಮಾಡಿಸೋಣ’ ಎನ್ನುವ ದಲ್ಲಾಳಿ ಹೆಚ್ಚು ಕೊಟ್ಟರೂ ಬೇಡ. ತಕ್ಷಣ ವರ್ಗಾವಣೆ ಮಾಡಿಸಿಕೊಳ್ಳುವವರಿಗೆ ಹತ್ತು ಸಾವಿರ ಕಡಿಮೆಗಾದರೂ ಕೊಡಿ. ಕೆಎ ನಂಬರಿನ ಕಾರನ್ನು ಪುಣೆಯಲ್ಲೋ ಹೈದರಾಬಾದಿನಲ್ಲೋ ಅಲ್ಲಿನವರಿಗೆ ಮಾರುವುದಾದರೆ, ನೋಂದಣಿಯಾದ ಆರ್‌ಟಿಒದಿಂದ ಎನ್‌ಒಸಿ ಮೊದಲೇ ತರಿಸಿಡಿ.

ಗಿರಾಕಿಯೇ ಸಿಗದಷ್ಟು ಹಳತಾಗಿದ್ದರೆ ಬೀದಿಯ ಗುಜರಿಗೆ ಹಾಕಬೇಡಿ. ಸರ್ಕಾರದಲ್ಲಿ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರ ಪಡೆಯಿರಿ. ಹೊಸ ಕಾರು ಕೊಳ್ಳುವಾಗ ಹಲವು ರಾಜ್ಯಗಳಲ್ಲಿ ತೆರಿಗೆ ರಿಯಾಯಿತಿಗೂ ಅದು ಬರುತ್ತದೆ. ನೋಂದಣಿ ರದ್ದಾಗುವ ತನಕ, ಇಲ್ಲವೇ ಹೊಸ ಹೆಸರು ಕಾಣುವ ತನಕ, ಕಾರು ಇನ್ನೂ ನಿಮ್ಮದೇ.