ಪೋಡಿನ ತಾಯಂದಿರಿಗೆ ಊಟದ ಪಾಠ ಸಾಕು, ಪೋಡಿನ ರಾಗಿ ಕೊಂಡುಕೊಳ್ಳಿ

'ಗಿರಿಜನ ತಾಯಂದಿರಿಗೆ ಪೌಷ್ಟಿಕ ಆಹಾರದ ಬಗ್ಗೆ ಅರಿವಿಲ್ಲ.' ಚಾಮರಾಜನಗರ ಜಿಲ್ಲೆಯಲ್ಲಿ ಸುದ್ದಿ ಮಾಡುವ ನಮ್ಮಂಥವರಿಗೆ ಈ ಮಾತು ಬಾಯಿಪಾಠವಾಗಿದೆ. ಸೆಪ್ಟೆಂಬರ್‌ನಲ್ಲಿ ಪೋಷಣ್ ಮಾಸಾಚರಣೆ ಬಂತೆಂದರೆ ಮೇಜಿನ ಮೇಲೆ ಕ್ಯಾರೆಟ್, ಬೀಟ್‌ರೂಟ್ ಜೋಡಿಸಿಟ್ಟು ಇದೇ ಭಾಷಣ. ಕೆಳಗೆ ಕೂತ ಸೋಲಿಗ ಹೆಂಗಸರು ಸುಮ್ಮನೆ ಕೇಳಿಸಿಕೊಂಡು ಎದ್ದು ಹೋಗುತ್ತಾರೆ.

ನಾನು ಹೇಳುತ್ತೇನೆ, ಈ ಮಾತು ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಬಿಡಬಹುದಿತ್ತು. ಇದು ತಪ್ಪನ್ನು ತಾಯಿಯ ತಲೆಗೆ ಕಟ್ಟಿ, ಕಚೇರಿಯನ್ನು ಬಚಾವು ಮಾಡುವ ಮಾತು.

ಬಿಳಿಗಿರಿರಂಗನ ಬೆಟ್ಟದ ಯಾವ ಪೋಡಿಗಾದರೂ ಹೋಗಿ ಒಬ್ಬ ಅಜ್ಜಿಯನ್ನು ಮಾತಾಡಿಸಿ. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು ಯಾವಾಗ ಕೀಳಬೇಕು, ಕಳಲೆಯ ಕಹಿ ಹೇಗೆ ತೆಗೆಯಬೇಕು, ಕಾಡುಗೆಣಸು ಎಷ್ಟು ಅಗೆದು ಎಷ್ಟು ಮಣ್ಣಲ್ಲೇ ಬಿಡಬೇಕು, ಎಲ್ಲ ಹೇಳುತ್ತಾಳೆ. ರಾಗಿ ಕೊಯ್ಲಾದ ಮೇಲೆ ರೊಟ್ಟಿ ಹಬ್ಬ ಮಾಡುವ ಜನಕ್ಕೆ ರಾಗಿಯ ಮಹತ್ವವನ್ನು ಫ್ಲೆಕ್ಸ್ ಹಾಕಿ ಹೇಳಬೇಕೇ?

ತಿಳಿವಳಿಕೆ ಇದೆ, ಆದರೆ ತಟ್ಟೆಗೆ ಬರುವ ದಾರಿ ಮುಚ್ಚಿದೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಜಾಗ ಬದಲಿಸಿ ಬೇಸಾಯ ಮಾಡುವುದು ನಿಂತಿತು, ಕುಟುಂಬಗಳು ಒಂದೊಂದು ಕಡೆ ನೆಲೆ ನಿಲ್ಲಬೇಕಾಯಿತು. 2006ರಲ್ಲಿ ಕಾಡಿನ ಉತ್ಪನ್ನ ತಂದು ಮಾರುವುದಕ್ಕೂ ತಡೆ ಬಿತ್ತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಘೋಷಣೆ. ಅದೇ ವರ್ಷ ಅಕ್ಟೋಬರ್ 2ರಂದು 25 ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು ಅನ್ನುವುದು ದೊಡ್ಡ ಗೆಲುವೇ. ಆದರೆ ಹಕ್ಕು ಕೈಗೆ ಬರುವ ಹೊತ್ತಿಗೆ ಕಾಡಿನೊಳಗೆ ಲಂಟಾನ ತುಂಬಿಕೊಂಡಿತ್ತು. ತರಗು ಬೆಂಕಿ ನಿಲ್ಲಿಸಿದ್ದೇ ಇದಕ್ಕೆ ಕಾರಣ ಎಂದು ಸೋಲಿಗರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಅರಿವು ಯಾರಿಗೆ ಬೇಕಿತ್ತು, ನೀವೇ ಹೇಳಿ.

ಈಗ ಶಾಲೆಯ ತಟ್ಟೆ ನೋಡೋಣ. ಬಿಸಿಯೂಟವನ್ನು ನಾನು ಬಯ್ಯುವುದಿಲ್ಲ. ಅದಿಲ್ಲದಿದ್ದರೆ ಕಾಡಂಚಿನ ಎಷ್ಟೋ ಮಕ್ಕಳು ಮಧ್ಯಾಹ್ನ ಏನೂ ತಿನ್ನುತ್ತಿರಲಿಲ್ಲ. ಹಾಲು ಬಂತು, ಮೊಟ್ಟೆ ಬಂತು, 2024ರಿಂದ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೂಡ ಬಂತು. ಒಳ್ಳೆಯದೇ. ಮೊಟ್ಟೆ ಬೇಡವೆಂದು ಬೀದಿಗಿಳಿದವರಿಗಂತೂ ನನ್ನಲ್ಲಿ ಉತ್ತರ ಬರೆಯುವಷ್ಟು ತಾಳ್ಮೆ ಇಲ್ಲ.

ನನ್ನ ಸಿಟ್ಟು ಬೇರೆ. ರಾಗಿ ಬೆಳೆಯುವ ಜನರ ಮಕ್ಕಳಿಗೆ ರಾಗಿ ಬರುವುದು ಪ್ಯಾಕೆಟ್‌ನಲ್ಲಿ, ಪುಡಿಯಾಗಿ, ಹಾಲಿಗೆ ಬೆರೆಸಿಕೊಂಡು. ಊಟದ ಹೊತ್ತಿಗೆ ಮಾತ್ರ ಹೆಚ್ಚಿನ ದಿನ ಅದೇ ಅನ್ನ ಸಾಂಬಾರು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಇದು ಸಭೆಯಲ್ಲಿ ಭಾಷಣ ಮಾಡುವವರಿಗೂ ಗೊತ್ತು.

ಲೆಕ್ಕ ಹಾಕಿ. 60 ಮಕ್ಕಳ ಒಂದು ಶಾಲೆ. ವಾರಕ್ಕೆ ಎರಡು ದಿನ ಮುದ್ದೆಯೋ ರೊಟ್ಟಿಯೋ, ಮಗುವಿಗೆ 100 ಗ್ರಾಂ ಹಿಟ್ಟು. ವಾರಕ್ಕೆ 12 ಕೆಜಿ. ವರ್ಷಕ್ಕೆ 40 ವಾರ ಹಿಡಿದರೆ 480 ಕೆಜಿ, ಐದು ಕ್ವಿಂಟಲ್ ಕೂಡ ಇಲ್ಲ. ಆನೆ ಬಿಟ್ಟುಕೊಟ್ಟರೆ ಒಂದೆರಡು ಎಕರೆ ಬೆಳೆ! 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿಯಂತೆ ಸುಮಾರು 23,500 ರೂಪಾಯಿ. ಒಂದು ಮಾಸಾಚರಣೆಯ ಶಾಮಿಯಾನ, ಫ್ಲೆಕ್ಸ್, ಜೀಪಿನ ಡೀಸೆಲ್ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಬೇಕು.

ಇಂದು ಅದೇ ರಾಗಿಯನ್ನು ಪೋಡಿನವನು ಖರೀದಿ ಕೇಂದ್ರಕ್ಕೆ ಒಯ್ದರೆ ಫ್ರೂಟ್ಸ್ ಐಡಿ ಕೇಳುತ್ತಾರೆ. ಪಹಣಿಯೇ ಇಲ್ಲದವನಿಗೆ ಐಡಿ ಎಲ್ಲಿಂದ ಬರಬೇಕು? ಕೊನೆಗೆ ದಲ್ಲಾಳಿ ಹೇಳಿದ್ದೇ ಬೆಲೆ.

ಹೊಸದಾಗಿ ಏನೂ ಕಟ್ಟಬೇಕಿಲ್ಲ. ಗಿರಿಜನರದೇ ಲ್ಯಾಂಪ್ಸ್ ಸಹಕಾರ ಸಂಘಗಳಿವೆ, ಜೇನು, ನೆಲ್ಲಿಕಾಯಿ, ಸೀಗೆಕಾಯಿ ಕೊಂಡ ಅನುಭವವಿದೆ. ಅವು ರಾಗಿ, ಅವರೆ, ಸೊಪ್ಪು ಕೊಂಡು ಹತ್ತಿರದ ಶಾಲೆಗೂ ಆಶ್ರಮ ಶಾಲೆಗೂ ಕೊಡಲಿ. ಬಿಸಿಯೂಟಕ್ಕೆ 2021ರಲ್ಲಿ ಪಿಎಂ ಪೋಷಣ್ ಎಂದು ಹೆಸರಿಟ್ಟಾಗ ಸ್ಥಳೀಯ ಸಾಂಪ್ರದಾಯಿಕ ಆಹಾರ ಬಳಸಿ, ರೈತರ ಮತ್ತು ಮಹಿಳೆಯರ ಗುಂಪುಗಳನ್ನು ಸೇರಿಸಿಕೊಳ್ಳಿ ಎಂದು ಕೇಂದ್ರವೇ ಹೇಳಿದೆ. ಒಡಿಶಾದಲ್ಲಿ 2017ರಲ್ಲಿ ಸಿರಿಧಾನ್ಯ ಯೋಜನೆ ಶುರುವಾದದ್ದು ಆದಿವಾಸಿ ಜಿಲ್ಲೆಗಳಿಂದಲೇ. ಅಲ್ಲಿ ಬುಡಕಟ್ಟು ಸಹಕಾರ ನಿಗಮ ರೈತರಿಂದ ರಾಗಿ ಕೊಳ್ಳುತ್ತದೆ, ಕಿಯೋಂಜರ್‌ನ ಅಂಗನವಾಡಿ ಮಕ್ಕಳಿಗೆ 2020ರಲ್ಲೇ ರಾಗಿ ಲಡ್ಡು ಸಿಕ್ಕಿತು. ಅವರಿಗೆ ಆದದ್ದು ರಾಗಿಯ ನಾಡು ನಮಗೆ ಯಾಕೆ ಆಗದು?

'ಮುದ್ದೆ ತಿರುವಲು ಅಡುಗೆಯವರು ಒಪ್ಪುವುದಿಲ್ಲ' ಅನ್ನುತ್ತಾರೆ. ತಿಂಗಳಿಗೆ ಐದು ಸಾವಿರವೂ ಇಲ್ಲದ ಗೌರವಧನಕ್ಕೆ ಇನ್ನೊಂದು ಕೆಲಸ ಹೇರಿದರೆ ಯಾರು ಒಪ್ಪುತ್ತಾರೆ? ಸಂಬಳ ಕೊಟ್ಟು ಕೇಳಿ. ತರಕಾರಿ, ಬೇಳೆ, ಎಣ್ಣೆಗೆಂದು ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ ಇಟ್ಟಿದ್ದಾರೆ. ನಮ್ಮೂರ ಹೋಟೆಲಿನಲ್ಲಿ ಇದಕ್ಕೆ ಅರ್ಧ ಟೀ ಬರುತ್ತದೆ.

ಇನ್ನೊಂದು ಮಾತು. ಆಹಾರ ಭದ್ರತಾ ಕಾಯ್ದೆಯಲ್ಲಿ ಬಿಸಿಯೂಟದ ಹಕ್ಕು ಶಾಲೆಯ ರಜೆ ಬಿಟ್ಟು ಉಳಿದ ದಿನಗಳಿಗೆ. ಹೊಟ್ಟೆಗೆ ರಜೆ ಇಲ್ಲವಲ್ಲ. 2024ರ ಬರಗಾಲದಲ್ಲಿ ಬರಪೀಡಿತ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಸರ್ಕಾರ ಊಟ ಹಾಕಿತು. ಹಾಗಾದರೆ ಮನಸ್ಸು ಮಾಡಿದರೆ ಆಗುತ್ತದೆ. ಕಾಡಂಚಿನ ಶಾಲೆಗಳಿಗೆ ಪ್ರತಿ ವರ್ಷವೂ ಇದು ಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ ಅಪ್ಪ ಅಮ್ಮನ ಜೊತೆ ಕೊಡಗಿನ ಲೈನ್ ಮನೆ ಸೇರುವ ಮಕ್ಕಳು ಅಲ್ಲಿನ ಹತ್ತಿರದ ಶಾಲೆಯಲ್ಲಿ ಕೂತು ಉಣ್ಣುವ ಹಾಗೆ ಆಗಬೇಕು. ರೇಷನ್ ಕಾರ್ಡು ಊರು ಬಿಟ್ಟರೂ ನಡೆಯುವಾಗ ಮಗುವಿನ ಊಟ ಯಾಕೆ ನಡೆಯಬಾರದು?

ಮುಂದಿನ ಎಸ್‌ಡಿಎಂಸಿ ಸಭೆಗೆ ನೀವು ಹೋಗುವವರಿದ್ದರೆ ಎರಡೇ ಪ್ರಶ್ನೆ ಕೇಳಿ: ನಮ್ಮ ಶಾಲೆಯ ಅಡುಗೆ ಮನೆಗೆ ಈ ವರ್ಷ ನಮ್ಮ ಪೋಡಿನಿಂದ ಏನೇನು ಕೊಂಡಿದ್ದೀರಿ? ಏನೂ ಇಲ್ಲ ಅಂದರೆ, ಕೊಳ್ಳಬೇಡಿ ಎಂದ ಆದೇಶ ಎಲ್ಲಿದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಫೋಟೋ ತೆಗೆದು ನಮಗೆ ಕಳಿಸಿ.