ಅರ್ಥಶಾಸ್ತ್ರ ಬೀದಿಗಿಳಿಯಲಿ

1916ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಗಿಲ್ಬರ್ಟ್ ಸ್ಲೇಟರ್ ತಮ್ಮ ವಿದ್ಯಾರ್ಥಿಗಳಿಗೆ, ರಜೆಯಲ್ಲಿ ಸ್ವಂತ ಹಳ್ಳಿಗಳ ಜಮೀನು, ಕೂಲಿ, ಸಾಲಗಳನ್ನು ವಿಚಾರಿಸಿ ಬರೆದು ತರಲು ಹೇಳಿದರು. ಆ ವರದಿಗಳು 1918ರಲ್ಲಿ ಪುಸ್ತಕವಾದುವು. 1936-37ರಲ್ಲಿ ಅವುಗಳಲ್ಲಿ ಕೆಲವು ಹಳ್ಳಿಗಳ ಮರುಸಮೀಕ್ಷೆ ನಡೆದು, ಇಪ್ಪತ್ತು ವರ್ಷಗಳಲ್ಲಿ ಆದ ಬದಲಾವಣೆ ತಿಳಿಯಿತು.

ಗಣಿತವೂ ಸಂಖ್ಯಾಶಾಸ್ತ್ರವೂ ಬೇಡವೆಂದು ನಾವು ಹೇಳುವುದಿಲ್ಲ. ಸುಳ್ಳು ಲೆಕ್ಕವನ್ನು ಹಿಡಿಯಲು ಅವೂ ಬೇಕು. ಆದರೆ ಬಟವಾಡೆಯ ಮಾರನೆಯ ದಿನವೇ ಕೂಲಿಕಾರನ ಕೈ ಬರಿದಾಗುವುದೇಕೆ, ಅಂಗಡಿಯ ಉದ್ರಿ ಪುಸ್ತಕ ಬೆಳೆಯುವುದೇಕೆ ಎಂಬುದಕ್ಕೆ ಸಮೀಕರಣವೊಂದೇ ಉತ್ತರ ಕೊಡದು. ನಾಳೆ ನಮ್ಮ ಮಜೂರಿಯನ್ನೂ ತೆರಿಗೆಯನ್ನೂ ಕುರಿತು ಸರಕಾರಕ್ಕೆ ಸಲಹೆ ಕೊಡುವವರು ಇದೇ ತರಗತಿಗಳಿಂದ ಬರುವವರು. ಆದುದರಿಂದ ಎಂ.ಎ. ಪಾಠಕ್ರಮದಲ್ಲಿ ಇಂತಹ ಕ್ಷೇತ್ರಾಧ್ಯಯನ ಕಡ್ಡಾಯವಾಗಬೇಕು. ವಿದ್ಯಾರ್ಥಿಗಳು ಗಿರಣಿಯ ಬಾಗಿಲಿಗೂ ಸಂತೆಗೂ ಬರಲಿ. ಲೆಕ್ಕ ಹೇಳಲು ನಾವು ಸಿದ್ಧ.