ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ

ಅಮೆರಿಕದಲ್ಲಿ ಎರಡು ವರ್ಷಕ್ಕೊಮ್ಮೆ ನವೆಂಬರ್ ಹತ್ತಿರವಾದಂತೆ ಮನೆಮನೆಯ ಅಂಚೆ ಪೆಟ್ಟಿಗೆಗೆ ಒಂದೇ ನಮೂನೆಯ ಕರಪತ್ರಗಳು ಬಂದು ಬೀಳುತ್ತವೆ. ದಪ್ಪನೆಯ ನುಣುಪು ಕಾಗದ, ಮೇಲೆ ಸಂಸಾರ ಸಮೇತ ನಗುತ್ತಿರುವ ಅಭ್ಯರ್ಥಿ, ಮನೆಯಲ್ಲಿ ನಾಯಿ ಇದ್ದರೆ ಅದೂ ಚಿತ್ರದಲ್ಲಿ. ಹಿಂದೆ ತಿರುಗಿಸಿದರೆ ನಿಲುವುಗಳ ಪಟ್ಟಿ: ತೆರಿಗೆ, ಆರೋಗ್ಯ ವಿಮೆ, ಗಡಿ, ವಲಸೆ, ಬಂದೂಕು, ಗರ್ಭಪಾತ, ಹವಾಮಾನ, ಚೀನಾ. ಕಾಂಗ್ರೆಸ್ಸಿಗೆ (ನಮ್ಮ ಪಕ್ಷವಲ್ಲ, ಅವರ ಸಂಸತ್ತು) ನಿಲ್ಲುವ ಯಾರೂ ಇಂಥದೊಂದು ಪಟ್ಟಿ ಇಲ್ಲದೆ ಕಣಕ್ಕಿಳಿಯುವುದಿಲ್ಲ. ಮುಖ ನೋಡಿ ಮಣೆ ಹಾಕಬೇಡಿ, ಪಟ್ಟಿ ಓದಿ ಮತ ಹಾಕಿ ಎಂದು ಪ್ರಜ್ಞಾವಂತರು ಹೇಳುತ್ತಾರೆ. ಕೇಳಿದರೆ ಯಾರಾದರೂ ತಲೆದೂಗುವ ಮಾತು.

ಈ ಮಾತು ಹೇಳುವವರ ಸಜ್ಜನಿಕೆಯ ಬಗ್ಗೆ ನನಗೆ ಅನುಮಾನವಿಲ್ಲ. 1986ರಲ್ಲಿ ಅರಿಜೋನಾದ ಸೆನೆಟ್ ಚುನಾವಣೆಯಲ್ಲಿ ಜಾನ್ ಮೆಕೇನ್ ಎದುರು ಸೋತ ರಿಚರ್ಡ್ ಕಿಂಬಾಲ್ ಎಂಬವರು ಮುಂದೆ 'ವೋಟ್ ಸ್ಮಾರ್ಟ್' ಎಂಬ ಸಂಸ್ಥೆ ಕಟ್ಟಿದರು. ಪ್ರತಿ ಅಭ್ಯರ್ಥಿಗೂ ಉದ್ದನೆಯ ಪ್ರಶ್ನಾವಳಿ ಕಳಿಸಿ ಅವರ ನಿಲುವುಗಳನ್ನು ದಾಖಲಿಸುವ ಶ್ರದ್ಧೆಯ ಕೆಲಸ ಅದು. ಮೊದಮೊದಲು ಉತ್ತರಗಳು ಬಂದವು. ಬರೆದುಕೊಟ್ಟ ಪ್ರತಿಯೊಂದು ಸಾಲೂ ಎದುರಾಳಿಯ ಜಾಹೀರಾತಿಗೆ ಸರಕಾಗುತ್ತದೆ ಎಂದು ಪ್ರಚಾರದ ಸಲಹೆಗಾರರು ತಡೆದ ಮೇಲೆ ಉತ್ತರಿಸುವವರು ಕಡಿಮೆಯಾದರು. ಸಂಸ್ಥೆಯವರು ಆ ಪ್ರಶ್ನಾವಳಿಗೆ 'ಧೈರ್ಯದ ಪರೀಕ್ಷೆ' ಎಂದೇ ಹೆಸರಿಟ್ಟಿದ್ದರು. ಉತ್ತರಿಸದವರು ಹೇಡಿಗಳು ಎಂದಾಯಿತಲ್ಲ. ಅಲ್ಲಿಗೆ ನನ್ನ ತಕರಾರು ಶುರು.

ರಾಜಕಾರಣಿಗಳು ಹೇಳಿದ್ದನ್ನು ಮಾಡುವುದಿಲ್ಲ ಎಂಬ ಹಳೇ ದೂರು ನನ್ನದಲ್ಲ. ಅಮೆರಿಕದ ಮಟ್ಟಿಗೆ ಹೇಳುವುದಾದರೆ, ಹೆಚ್ಚಿನವರು ತಾವು ಹೇಳಿದ್ದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತಾರೆ. ಅಂಟಿಕೊಂಡದ್ದರಿಂದಲೇ ಎಷ್ಟೋ ಕೆಲಸಗಳು ನಿಂತಲ್ಲೇ ನಿಂತಿವೆ. 435 ಸದಸ್ಯರ ಸಭೆಗೆ ಒಬ್ಬರನ್ನು ಕಳಿಸುವಾಗ, ಅವರಿಗೆ ಏನು ಬೇಕು ಎಂಬುದನ್ನು ಪಕ್ಷದ ಹೆಸರೇ ಮುಕ್ಕಾಲು ಪಾಲು ಹೇಳಿಬಿಡುತ್ತದೆ. ತಿಳಿಯಬೇಕಾದದ್ದು, ಅದನ್ನು ಪಡೆಯಲು ಅವರು ಏನನ್ನು ಬಿಟ್ಟುಕೊಡಬಲ್ಲರು ಎಂಬುದು. ಪಟ್ಟಿಯಲ್ಲಿ ಇಲ್ಲದಿರುವುದು ಅದೊಂದೇ.

ನಮ್ಮವರಿಗೆ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಉದ್ಯೋಗದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳು ಸುಮಾರು 1,40,000. ಹೆಂಡತಿ, ಗಂಡ, ಮಕ್ಕಳ ಲೆಕ್ಕವೂ ಅದರಲ್ಲೇ. 1990ರ ಕಾಯ್ದೆಯ ಪ್ರಕಾರ ಯಾವುದೇ ಒಂದು ದೇಶದವರಿಗೆ ಶೇ 7ರ ಮಿತಿ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ಹೀಗಾಗಿ ಸನ್ನಿವೇಲ್‌ನಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗ ಎಂಜಿನಿಯರ್ ಎಚ್‌-1ಬಿ ವೀಸಾವನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳುತ್ತಾ ದಶಕಗಟ್ಟಲೆ ಸರದಿಯಲ್ಲಿ ನಿಲ್ಲುತ್ತಾನೆ. ಎರಡು ವರ್ಷದವಳಿದ್ದಾಗ ಎತ್ತಿಕೊಂಡು ಹೋದ ಮಗಳಿಗೆ 21 ತುಂಬಿದರೆ ಅವಳು ಅಪ್ಪನ ವೀಸಾದ ನೆರಳಿನಿಂದ ಹೊರಬಿದ್ದು, ಬೆಳೆದ ಊರಿನಲ್ಲೇ ಇರಲು ಬೇರೆ ವೀಸಾ ಹುಡುಕಬೇಕು. ಅಮೆರಿಕದ ಕನ್ನಡಿಗರ ನಡುವೆ ಓಟು ಕೇಳಲು ಬರುವ ಅಭ್ಯರ್ಥಿಗೆ ಎದುರಾಗುವ ಮೊದಲ ಪ್ರಶ್ನೆ ಇದೇ: ಈ ಮಿತಿ ತೆಗೆಯಲು ನಿಮ್ಮ ಬೆಂಬಲ ಇದೆಯೇ? ಇದೆ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಅವರು ಸುಳ್ಳು ಹೇಳಿರುವುದಿಲ್ಲ ಎಂಬುದೇ ಇಲ್ಲಿನ ತಮಾಷೆ.

2019ರ ಜುಲೈ 10ರಂದು ಈ ದೇಶವಾರು ಮಿತಿಯನ್ನು ತೆಗೆಯುವ ಮಸೂದೆ ಪ್ರತಿನಿಧಿ ಸಭೆಯ ಮುಂದೆ ಬಂತು. ಪರವಾಗಿ 365 ಮತ, ವಿರುದ್ಧವಾಗಿ 65. 300ಕ್ಕೂ ಹೆಚ್ಚು ಸದಸ್ಯರು ಮಸೂದೆಗೆ ಮೊದಲೇ ಹೆಸರು ಕೊಟ್ಟಿದ್ದರು, ಎರಡೂ ಪಕ್ಷದವರು. ಡೊನಾಲ್ಡ್ ಟ್ರಂಪ್ ಅಧ್ಯಕ್ಷರಾಗಿದ್ದ, ವಲಸೆಯೆಂದರೆ ಕಿಡಿ ಹಾರುತ್ತಿದ್ದ ಆ ಕಾಲದಲ್ಲಿ ಇಷ್ಟು ಒಮ್ಮತ ಸಣ್ಣ ಮಾತಲ್ಲ. ಮಸೂದೆ ಸೆನೆಟ್‌ಗೆ ಹೋಯಿತು. ಅಲ್ಲಿ ಕೆಂಟಕಿಯ ರಾಂಡ್ ಪಾಲ್ ಆಕ್ಷೇಪವೆತ್ತಿದರು: ಭಾರತದ ಎಂಜಿನಿಯರುಗಳ ಸರದಿ ಮುಂದಕ್ಕೆ ಹೋದರೆ ಆಸ್ಪತ್ರೆಗಳಿಗೆ ಬೇಕಾದ ಹೊರದೇಶದ ನರ್ಸುಗಳು ಹಿಂದೆ ಬೀಳುತ್ತಾರಲ್ಲ? ಇಲಿನಾಯ್‌ನ ಡಿಕ್ ಡರ್ಬಿನ್ ಬೇರೆ ದಿಕ್ಕಿನಿಂದ ತಡೆದರು: ಒಟ್ಟು ಸಂಖ್ಯೆ ಹೆಚ್ಚಿಸದೆ ಸರದಿ ಮಾತ್ರ ಬದಲಿಸಿದರೆ ಒಬ್ಬನ ಕಾಯುವಿಕೆ ಇನ್ನೊಬ್ಬನ ತಲೆಗೆ ಹೋಗುತ್ತದೆ ಅಷ್ಟೆ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಇಬ್ಬರದೂ ನಿಲುವುಗಳೇ, ಗಟ್ಟಿ ನಿಲುವುಗಳು.

ಯೂಟಾದ ಮೈಕ್ ಲೀ ಒಬ್ಬೊಬ್ಬರ ಬಳಿಯೂ ಹೋಗಿ ಮಸೂದೆಗೆ ತೇಪೆ ಹಾಕುತ್ತಾ ಬಂದರು. ನರ್ಸುಗಳಿಗೆ ಕೆಲವು ವರ್ಷಗಳ ವಿನಾಯಿತಿ. ಚೀನಾದ ಕಮ್ಯುನಿಸ್ಟ್ ಪಕ್ಷದ ನಂಟಿರುವವರಿಗೆ ನಿರ್ಬಂಧ. ನಮ್ಮ ಬೆಂಗಳೂರಿಗೆ ತಟ್ಟುವ ಒಂದು ಕಲಮು: 50ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಚ್‌-1ಬಿಯವರೇ ಆಗಿದ್ದರೆ ಅದು ಹೊಸ ಎಚ್‌-1ಬಿ ಅರ್ಜಿ ಹಾಕುವಂತಿಲ್ಲ. ಇಲ್ಲಿಂದ ಎಂಜಿನಿಯರುಗಳನ್ನು ಕಳಿಸಿ ವ್ಯವಹಾರ ನಡೆಸುವ ಕಂಪನಿಗಳನ್ನು ಗುರಿಯಾಗಿಸಿಕೊಂಡ ಕಲಮು ಇದು ಎಂದು ವಿವರಿಸಬೇಕಿಲ್ಲ. 2020ರ ಡಿಸೆಂಬರ್ 2ರಂದು ಈ ತಿದ್ದಿದ ಮಸೂದೆ ಸೆನೆಟ್‌ನಲ್ಲಿ ಒಂದು ಆಕ್ಷೇಪವೂ ಇಲ್ಲದೆ, ಮತ ಎಣಿಸುವ ಗೋಜೂ ಇಲ್ಲದೆ ಪಾಸಾಯಿತು.

ಎರಡೂ ಮನೆಗಳಲ್ಲಿ ಅಂಗೀಕಾರವಾದರೂ ಕಾಯ್ದೆ ಆಗಲಿಲ್ಲ. ಎರಡು ಮನೆಗಳು ಒಪ್ಪಿದ್ದು ಎರಡು ಬೇರೆ ಬೇರೆ ಮಸೂದೆಗಳನ್ನು. ಅವನ್ನು ಒಂದು ಮಾಡಲು ಉಳಿದದ್ದು ಒಂದೇ ತಿಂಗಳು. ಜನವರಿ 3ಕ್ಕೆ ಆ ಸಂಸತ್ತಿನ ಅವಧಿ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು. 2022ರ ಡಿಸೆಂಬರಿನಲ್ಲಿ ಇಂಥದೇ ಇನ್ನೊಂದು ಮಸೂದೆ ಪ್ರತಿನಿಧಿ ಸಭೆಯಲ್ಲಿ ಮತಕ್ಕೆ ಬರುವ ಹಂತದಲ್ಲಿದ್ದಾಗ ಹಿಂದೆ ಸರಿಯಿತು. ಆ 365 ಮಂದಿಯಲ್ಲಿ ಯಾರ ಪಟ್ಟಿ ತೆಗೆದು ನೋಡಿದರೂ ಅವರು ಪಾಸು. ಸರದಿ ಮಾತ್ರ ಇದ್ದಲ್ಲೇ ಇದೆ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದಿತ್ತು? ಮಿತಿ ತೆಗೆಯಲು ಆ ಕಂಪನಿಗಳ ಕಲಮನ್ನು ನುಂಗಿಕೊಳ್ಳುತ್ತೀರಾ? ನರ್ಸುಗಳಿಗೆ ಎಷ್ಟು ವರ್ಷದ ಜಾಗ ಬಿಡುತ್ತೀರಿ? ಒಟ್ಟು ಸಂಖ್ಯೆ ಹೆಚ್ಚಾಗದಿದ್ದರೂ ಸರಿಯೇ? ಇವು ಸಭೆಯಲ್ಲಿ ಚಪ್ಪಾಳೆ ತರುವ ಪ್ರಶ್ನೆಗಳಲ್ಲ. ನಿಜ ಹೇಳಬೇಕೆಂದರೆ ಕೇಳುವವರಿಗೂ ಮುಜುಗರ ತರುವಂಥವು. ಗ್ರೀನ್ ಕಾರ್ಡಿಗೆ ಕಾಯುತ್ತಿರುವವನು ದುಡಿಯುತ್ತಿರುವುದು ಅಂಥದೇ ಕಂಪನಿಯಲ್ಲಿದ್ದರೆ?

ನಿಲುವು ಸಡಿಲಿಸಿದ್ದರಿಂದ ಒಂದು ದೇಶ ಉಳಿಸಿಕೊಂಡದ್ದೇನು ಎಂಬುದಕ್ಕೆ 1983ರ ಕಥೆ ಇದೆ. ಅಮೆರಿಕದ ವೃದ್ಧರ ಪಿಂಚಣಿ ವ್ಯವಸ್ಥೆಯಾದ ಸೋಷಿಯಲ್ ಸೆಕ್ಯುರಿಟಿಯ ಖಜಾನೆ ಬರಿದಾಗುತ್ತಿತ್ತು. ಆ ವರ್ಷದ ಮಧ್ಯಭಾಗದ ಹೊತ್ತಿಗೆ ಪೂರ್ತಿ ಪಿಂಚಣಿ ಕೊಡಲು ಹಣ ಸಾಲದೆ ಹೋಗುವ ಸ್ಥಿತಿ. ಇದಕ್ಕೆ ಹಿಂದಿನ 1982ರ ಚುನಾವಣೆಯಲ್ಲಿ ಡೆಮಾಕ್ರಟರ ದೊಡ್ಡ ಘೋಷಣೆಯೇ ಪಿಂಚಣಿಗೆ ಕೈ ಹಾಕಲು ಬಿಡುವುದಿಲ್ಲ ಎಂಬುದಾಗಿತ್ತು. ಅದರ ಬಲದಿಂದ ಅವರು ಪ್ರತಿನಿಧಿ ಸಭೆಯಲ್ಲಿ 26 ಸ್ಥಾನ ಹೆಚ್ಚಿಸಿಕೊಂಡರು. ರಿಪಬ್ಲಿಕನ್ನರದು ತೆರಿಗೆ ಏರಿಸುವುದಿಲ್ಲ ಎಂಬ ನಿಲುವು. ಅಧ್ಯಕ್ಷ ರೇಗನ್ ನೇಮಿಸಿದ್ದ, ಅಲನ್ ಗ್ರೀನ್‌ಸ್ಪಾನ್ ಮುಂದಾಳತ್ವದ 15 ಜನರ ಆಯೋಗ ಈ ಎರಡು ಗೋಡೆಗಳ ನಡುವೆ ಸಿಕ್ಕಿ ಕೈಚೆಲ್ಲಿತ್ತು.

1983ರ ಜನವರಿ 3ರಂದು ಸೆನೆಟರ್ ಬಾಬ್ ಡೋಲ್ ಅವರ ಲೇಖನವೊಂದು ಪತ್ರಿಕೆಯಲ್ಲಿ ಬಂತು, ಸಮಸ್ಯೆಗೆ ದಾರಿ ಇದೆ ಎಂಬ ಧಾಟಿಯಲ್ಲಿ. ಅದನ್ನು ಓದಿದ್ದ ಡೆಮಾಕ್ರಟ್ ಪ್ಯಾಟ್ರಿಕ್ ಮೊಯ್ನಿಹಾನ್ ಅದೇ ದಿನ ಸೆನೆಟ್ ಸಭಾಂಗಣದಲ್ಲೇ ಡೋಲ್ ಬಳಿ ಹೋಗಿ, ನೀವು ನಂಬಿರುವುದು ಇದನ್ನೇ ಆದರೆ ಇನ್ನೊಮ್ಮೆ ಯಾಕೆ ಯತ್ನಿಸಬಾರದು ಎಂಬರ್ಥದ ಮಾತಾಡಿದರು. ಮುಂದಿನ ಮಾತುಕತೆ ನಡೆದದ್ದು ಶ್ವೇತಭವನದ ಅಧಿಕಾರಿ ಜೇಮ್ಸ್ ಬೇಕರ್ ಅವರ ಮನೆಯಲ್ಲಿ, ಪತ್ರಕರ್ತರ ಕಣ್ಣು ತಪ್ಪಿಸಿ. ಎರಡು ವಾರ ಕಳೆಯುವಷ್ಟರಲ್ಲಿ ಸೂತ್ರ ಸಿದ್ಧವಾಯಿತು. ಅನುಕೂಲಸ್ಥರ ಪಿಂಚಣಿಯ ಒಂದು ಭಾಗಕ್ಕೆ ತೆರಿಗೆ. ಬೆಲೆಯೇರಿಕೆ ಭತ್ಯೆ ಆರು ತಿಂಗಳು ಮುಂದಕ್ಕೆ. ಸಂಬಳದ ಮೇಲಿನ ತೆರಿಗೆ ಏರಿಕೆ ಅವಧಿಗೆ ಮೊದಲೇ ಜಾರಿ. ಸಂಸತ್ತಿಗೆ ಬಂದ ಮೇಲೆ ಟೆಕ್ಸಸ್‌ನ ಡೆಮಾಕ್ರಟ್ ಜೆ.ಜೆ. ಪಿಕಲ್ ಪೂರ್ಣ ಪಿಂಚಣಿಯ ವಯಸ್ಸನ್ನೂ ಸೇರಿಸಿದರು. 1960 ಮತ್ತು ನಂತರ ಹುಟ್ಟಿದವರಿಗೆ ಅದು 67. ಏಪ್ರಿಲ್ 20ರಂದು ರೇಗನ್ ಸಹಿ ಹಾಕಿದರು.

ಇದರಲ್ಲಿ ಯಾವ ಒಂದು ಅಂಶವೂ ಹಿಂದಿನ ನವೆಂಬರಿನ ಕರಪತ್ರಗಳಲ್ಲಿ ಹಾಕಿ ಗೆಲ್ಲುವಂಥದ್ದಲ್ಲ. ಪಟ್ಟಿಯನ್ನೇ ಕರಾರುಪತ್ರವೆಂದು ಹಿಡಿದರೆ ಅಂದು ಪರವಾಗಿ ಮತ ಹಾಕಿದ ಎಷ್ಟೋ ಜನ ವಚನಭ್ರಷ್ಟರು. ಆದರೆ ಅಂದಿನ ಆ ಕಸರತ್ತಿನಿಂದಲೇ ಪಿಂಚಣಿ ಒಂದು ತಿಂಗಳೂ ತಪ್ಪದೆ ಬಂತು. ಕಣ್ಣು ತಪ್ಪಿಸಿ ನಡೆಸಿದ ಮಾತುಕತೆ ನನಗೆ ಮೆಚ್ಚುಗೆಯಾಯಿತು ಎಂದಲ್ಲ. ಆದರೆ ನಿಲುವುಗಳನ್ನು ಬಹಿರಂಗದಲ್ಲಿ ಅಷ್ಟು ಬಿಗಿಯಾಗಿ ಕಟ್ಟಿಹಾಕಿದ್ದರೆ, ಅವನ್ನು ಬಿಚ್ಚುವ ಕೆಲಸ ಬೇರೆಲ್ಲಿ ನಡೆದೀತು?

ಇನ್ನು ಮತದಾರರೇ ಈ ಪಟ್ಟಿಗೆ ಎಷ್ಟು ಬೆಲೆ ಕೊಡುತ್ತಾರೆ? ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಸುತ್ತಿನ ಕ್ಷೇತ್ರದಲ್ಲಿ 1994ರಲ್ಲಿ ಜಾರ್ಜ್ ನೆದರ್‌ಕಟ್ ಎಂಬ ವಕೀಲರು ಸ್ಪೀಕರ್ ಟಾಮ್ ಫೋಲಿ ಅವರನ್ನು ಸುಮಾರು 4,000 ಮತಗಳಿಂದ ಮಣಿಸಿದರು. 1862ರ ನಂತರ ಹಾಲಿ ಸ್ಪೀಕರ್ ಒಬ್ಬರು ಸೋತದ್ದು ಅದೇ ಮೊದಲು. ಸದಸ್ಯತ್ವಕ್ಕೆ ಅವಧಿಮಿತಿ ಇರಬೇಕೆಂದು ರಾಜ್ಯದ ಜನ 1992ರಲ್ಲಿ ಮತ ಹಾಕಿದ್ದರು. ಫೋಲಿ ಅದರ ವಿರುದ್ಧ ಕೋರ್ಟಿಗೆ ಹೋಗಿದ್ದರು. ತಾವು ಮೂರು ಅವಧಿಗಿಂತ ಹೆಚ್ಚು ಇರುವುದಿಲ್ಲ ಎಂದು ನೆದರ್‌ಕಟ್ ಮಾತು ಕೊಟ್ಟರು. 2000ದಲ್ಲಿ ಮೂರು ಅವಧಿ ಮುಗಿದಾಗ, ಕೆಲಸ ಬಾಕಿ ಇದೆ ಎಂದು ಮತ್ತೆ ನಿಂತರು. ಅವಧಿಮಿತಿಯ ಚಳವಳಿಗಾರರು ಕೆರಳಿ ಅವರ ವಿರುದ್ಧ ಜಾಹೀರಾತು ಸುರಿದರು. ನೆದರ್‌ಕಟ್ ಗೆದ್ದರು.

ಮತದಾರರು ದಡ್ಡರೆಂದು ಇದನ್ನು ಓದುವವರಿದ್ದಾರೆ. ನನಗೆ ಕಾಣುವುದು ಬೇರೆ. 1998ರ ಮೇ ತಿಂಗಳಲ್ಲಿ ಭಾರತ, ಹಿಂದೆಯೇ ಪಾಕಿಸ್ತಾನ ಅಣುಪರೀಕ್ಷೆ ನಡೆಸಿದಾಗ ಅಮೆರಿಕದ ಕಾನೂನಿನಂತೆ ತಾನಾಗಿಯೇ ನಿರ್ಬಂಧಗಳು ಬಿದ್ದವು. ಪೂರ್ವ ವಾಷಿಂಗ್ಟನ್ನಿನ ರೈತರು ಬೆಳೆಯುವ ಬಿಳಿ ಗೋಧಿಗೆ ಪಾಕಿಸ್ತಾನ ದೊಡ್ಡ ಗಿರಾಕಿ. ಆ ಖರೀದಿಯ ಸಾಲಕ್ಕೆ ಅಮೆರಿಕ ಕೊಡುತ್ತಿದ್ದ ಖಾತ್ರಿ ನಿಂತರೆ ಗೋಧಿ ಕಣಜದಲ್ಲೇ ಉಳಿಯುತ್ತಿತ್ತು. ಜುಲೈ ಮಧ್ಯದೊಳಗೆ ಆಹಾರಧಾನ್ಯಕ್ಕೆ ವಿನಾಯಿತಿ ಕೊಡುವ ಕಾಯ್ದೆ ಬಂತು. ಅದಕ್ಕಾಗಿ ಓಡಾಡಿದವರಲ್ಲಿ ನೆದರ್‌ಕಟ್ ಒಬ್ಬರು. ಪೋಖ್ರಾನ್ ಬಗ್ಗೆ ನಿಮ್ಮ ನಿಲುವೇನು ಎಂದು 1994ರಲ್ಲಿ ಸ್ಪೋಕೇನ್‌ನ ಯಾವ ರೈತ ಕೇಳಿದ್ದಾನು? ಸದಸ್ಯನ ಕೆಲಸದ ಬಹುಪಾಲು ಹೀಗೆ ಯಾರೂ ಕೇಳದಿದ್ದ ಪ್ರಶ್ನೆಗಳಿಂದಲೇ ಬರುತ್ತದೆ. ರೈತರಿಗೆ ಅದು ಗೊತ್ತಿತ್ತು ಅನಿಸುತ್ತದೆ.

ಇಷ್ಟಕ್ಕೂ, ಪಟ್ಟಿಯೂ ಬೇಡವೆಂದರೆ ಮತದಾರನ ಕೈಯಲ್ಲಿ ಏನು ಉಳಿಯಿತು ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧದ ನಂತರ ವಿಪ್ ಮೀರಿದ ಸಂಸದ ಸ್ಥಾನವನ್ನೇ ಕಳೆದುಕೊಳ್ಳಬಹುದು. ಆದ್ದರಿಂದ ಅವನ ಸ್ವಂತ ನಿಲುವು ಇದ್ದರೆಷ್ಟು ಬಿಟ್ಟರೆಷ್ಟು. ಅಮೆರಿಕದಲ್ಲಿ ಆ ಕಟ್ಟಿಲ್ಲ, ಸದಸ್ಯ ತನ್ನ ಮನಸ್ಸಿನಂತೆ ಮತ ಹಾಕಬಲ್ಲ. ಯುದ್ಧದಂಥ ವಿಷಯದಲ್ಲಿ ಅದಕ್ಕೆ ಅರ್ಥವಿದೆ. ಮೊಂಟಾನಾದ ಜೆನೆಟ್ ರ‍್ಯಾಂಕಿನ್ 1917ರಲ್ಲಿ ಪ್ರತಿನಿಧಿ ಸಭೆಯಲ್ಲಿ ಯುದ್ಧದ ವಿರುದ್ಧ ಮತ ಹಾಕಿದ 50 ಮಂದಿಯಲ್ಲಿ ಒಬ್ಬರು. 1940ರಲ್ಲಿ ಯುದ್ಧ ಬೇಡವೆಂದೇ ಪ್ರಚಾರ ಮಾಡಿ ಮತ್ತೆ ಗೆದ್ದರು. ಪರ್ಲ್ ಹಾರ್ಬರ್ ದಾಳಿಯ ಮರುದಿನ 388 ಮತಗಳ ಎದುರು ಒಂಟಿಯಾಗಿ ಬೇಡವೆಂದರು. ಹೊರಬಂದಾಗ ಮುತ್ತಿಕೊಂಡ ಜನರಿಂದ ತಪ್ಪಿಸಿಕೊಂಡು ಟೆಲಿಫೋನ್ ಬೂತ್ ಹೊಕ್ಕು, ಪೊಲೀಸರು ಬಂದು ಕರೆದೊಯ್ಯುವ ತನಕ ಅಲ್ಲೇ ಇದ್ದರು. ಯುದ್ಧಕ್ಕೆ ಹೋಗಬೇಕೇ ಬೇಡವೇ ಎಂಬಲ್ಲಿ ಮಧ್ಯದ ದಾರಿ ಇಲ್ಲ. ಅಂಥ ಕಡೆ ನಿಲುವು ಕೇಳಿ, ಗಟ್ಟಿಯಾಗಿಯೇ ಕೇಳಿ. ಆದರೆ ತೆರಿಗೆ, ವೀಸಾ, ಪಿಂಚಣಿ ಎಲ್ಲವೂ ಎಷ್ಟು, ಯಾವಾಗ, ಯಾರಿಗೆ ಎಂಬ ಲೆಕ್ಕದ ವಿಷಯಗಳು. ಅವನ್ನೂ ಯುದ್ಧದಂತೆ ಹೌದು-ಅಲ್ಲ ಎಂಬ ಎರಡು ಚೌಕಗಳಿಗೆ ತುರುಕುವುದರಿಂದಲೇ ಎಲ್ಲರೂ ರ‍್ಯಾಂಕಿನ್‌ರ ವೇಷ ಹಾಕುವಂತಾಗಿದೆ, ಆ ಟೆಲಿಫೋನ್ ಬೂತಿನ ಬೆಲೆ ತೆರದೆ.

ಒಬ್ಬ ಸದಸ್ಯನ ನಿಲುವಿಗೂ ಸಭೆಯ ಕಲಾಪಕ್ಕೂ ಎಷ್ಟು ದೂರ ಎಂಬುದಕ್ಕೆ ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾನೇದಾರ್ ಅವರ ಪ್ರಸಂಗವೂ ಇದೆ. ಡೆಟ್ರಾಯಿಟ್ ಭಾಗದಿಂದ 2022ರಲ್ಲಿ ಗೆದ್ದ ಅವರು 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್ ವಿರುದ್ಧ ಏಳು ಆರೋಪಗಳ ಮಹಾಭಿಯೋಗದ ನಿರ್ಣಯ ಮಂಡಿಸಿದರು. ಮೇ ತಿಂಗಳಲ್ಲಿ ಅದನ್ನು ಮತಕ್ಕೆ ಹಾಕಿಸಲು ಹೊರಟಾಗ ಸ್ವಂತ ಪಕ್ಷದವರೇ ಒಪ್ಪದೆ ಹಿಂದೆ ಸರಿಯಬೇಕಾಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಡೆಟ್ರಾಯಿಟ್‌ನವರದು. ಏನನ್ನು ಮತಕ್ಕೆ ಹಾಕಬೇಕೆಂಬುದು ಒಬ್ಬರ ಕೈಯಲ್ಲಿಲ್ಲ, ಅಷ್ಟೆ.

ನನಗೆ ಅಲ್ಲಿ ಓಟಿಲ್ಲ. ಇರುವವರು ಮುಂದಿನ ಸಲ ಅಭ್ಯರ್ಥಿ ಊಟಕ್ಕೋ ಹಬ್ಬಕ್ಕೋ ಬಂದಾಗ, ಮಿತಿ ತೆಗೆಯುತ್ತೀರಾ ಎನ್ನುವ ಬದಲು, ಅದಕ್ಕಾಗಿ ಆ ಕಂಪನಿಗಳ ಕಲಮನ್ನು ಒಪ್ಪುತ್ತೀರಾ ಎಂದು ಕೇಳಿ ನೋಡಲಿ. ತಟ್ಟನೆ ಹೌದೆಂದೋ ಇಲ್ಲವೆಂದೋ ಹೇಳಿದವರ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ತಡೆದು, ನರ್ಸುಗಳ ವಿನಾಯಿತಿ ಎಷ್ಟು ವರ್ಷ, 21 ತುಂಬಿದ ಮಕ್ಕಳ ವಿಷಯ ಸೇರಿದೆಯೇ, ಸೆನೆಟ್‌ನಲ್ಲಿ ಯಾರು ಅಡ್ಡಿ ಎಂದು ತಿರುಗಿ ವಿಚಾರಿಸುವವರು ಸಿಕ್ಕರೆ, ಉಳಿದ ವಿಷಯಗಳಲ್ಲಿ ಅವರ ಅರ್ಧದಷ್ಟು ನಿಲುವುಗಳು ನನಗೆ ಹಿಡಿಸದಿದ್ದರೂ ನಾನು ಅವರ ಕಡೆಗೇ ವಾಲುತ್ತೇನೆ.